ನಮ್ಮ ಹಿತ್ತಿಲಿಗೆ ಪರ್ಪಲ್ ಮಾರ್ಟಿನ್ ಬಂದವು

ಪರ್ಪಲ್ ಮಾರ್ಟಿನ್ ಉತ್ತರ ಅಮೆರಿಕದ ಕವಲುತೋಕೆ ಹಕ್ಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಚಳಿಗಾಲದಲ್ಲಿ ನಮ್ಮೂರ ಕಡೆ ಕರೆಂಟ್ ತಂತಿಗಳ ಮೇಲೆ ಸಾಲಾಗಿ ಕೂರುತ್ತವಲ್ಲ, ಆ ಕವಲುತೋಕೆಗಳ ನೆಂಟ. ಬಲಿತ ಗಂಡು ದೂರದಿಂದ ಬರೀ ಕಪ್ಪು. ಬಿಸಿಲು ಬಿದ್ದಾಗ ಮಾತ್ರ ಮೈಯೆಲ್ಲ ನೇರಳೆ-ನೀಲಿ ಹೊಳಪು. ಹೆಣ್ಣಿಗೆ ಎದೆ, ಹೊಟ್ಟೆ ಬೂದು. ಚಳಿಗಾಲ ಕಳೆಯುವುದು ದಕ್ಷಿಣ ಅಮೆರಿಕದಲ್ಲಿ, ಹೆಚ್ಚಾಗಿ ಬ್ರೆಜಿಲ್‌ನಲ್ಲಿ. ಮರಿ ಮಾಡೋಕೆ ಇಷ್ಟು ದೂರ ಬರುತ್ತವೆ. ನಾವಿರುವುದು ಟೆಕ್ಸಾಸ್‌ನ ಆಸ್ಟಿನ್‌ಗೆ ಉತ್ತರದಲ್ಲಿ, ಹೊಸದಾಗಿ ಎದ್ದ ಒಂದು ಬಡಾವಣೆಯಲ್ಲಿ. ನಮ್ಮ ಹಿತ್ತಿಲಲ್ಲಿ ಈಗ ಮಾರ್ಟಿನ್‌ಗಳಿವೆ. ಇಲ್ಲಿರುವ ಕನ್ನಡದ ಸ್ನೇಹಿತರು ಹೇಗೆ ಮಾಡಿದಿರಿ ಅಂತ ಕೇಳುತ್ತಲೇ ಇರುತ್ತಾರೆ, ಅದಕ್ಕೇ ಇಷ್ಟೂ ಬರೆಯುತ್ತಿದ್ದೇನೆ.

ನನಗೆ ಈ ಹುಚ್ಚು ಹತ್ತಿದ್ದಕ್ಕೆ ಕಾರಣ ಒಂದೇ ವಿಷಯ. ರಾಕಿ ಪರ್ವತಗಳಿಂದ ಪೂರ್ವಕ್ಕೆ ಈ ಹಕ್ಕಿಗಳು ಈಗ ಹೆಚ್ಚುಕಡಿಮೆ ಪೂರ್ತಿಯಾಗಿ ಮನುಷ್ಯರು ಇಟ್ಟುಕೊಟ್ಟ ಗೂಡುಗಳಲ್ಲೇ ಮರಿ ಮಾಡುತ್ತವೆ. ಪಶ್ಚಿಮದಲ್ಲಿ ಮರಕುಟಿಗ ಕೊರೆದು ಬಿಟ್ಟ ಪೊಟರೆಗಳಲ್ಲಿ, ಅರಿಜೋನಾದ ಮರುಭೂಮಿಯಲ್ಲಿ ದೈತ್ಯ ಸಗ್ವಾರೋ ಕಳ್ಳಿಯ ತೂತುಗಳಲ್ಲಿ ಇನ್ನೂ ಗೂಡು ಮಾಡುತ್ತವಂತೆ. ಪೂರ್ವದಲ್ಲಿ ಆ ಅಭ್ಯಾಸವೇ ಹೋಗಿದೆ. ಯುರೋಪಿನವರು ಇಲ್ಲಿಗೆ ಬರುವ ಮುಂಚೆಯೇ ಚೋಕ್ಟಾ, ಚಿಕಸಾ ಮೂಲನಿವಾಸಿಗಳು ಒಣಗಿದ ಸೋರೆಬುರುಡೆಗೆ ತೂತು ಕೊರೆದು, ಮನೆ ಹತ್ತಿರ ತೂಗುಹಾಕಿ ಇವನ್ನು ಕರೆಯುತ್ತಿದ್ದರಂತೆ. ಅದೇ ಸೋರೆಕಾಯಿ, ನಾವು ಪಲ್ಯ ಮಾಡುವುದು, ತಂಬೂರಿಗೆ ಬುರುಡೆ ಮಾಡುವುದು, ಊರಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುತ್ತಿದ್ದುದು. ನಾವು ಗೂಡು ಇಡದೇ ಹೋದರೆ ಈ ಹಕ್ಕಿಗೆ ಮರಿ ಮಾಡೋಕೆ ಜಾಗವೇ ಇರಲ್ಲ ಅನ್ನುವುದು ತಿಳಿದ ಮೇಲೆ ಸುಮ್ನೆ ಕೂರೋಕೆ ನನ್ನಿಂದ ಆಗಲಿಲ್ಲ.

ಎರಡು ಬೀದಿ ಆಚೆ ಒಬ್ಬ ರಿಟೈರ್ಡ್ ಮೇಷ್ಟ್ರು ಇದ್ದಾರೆ, ಇಲ್ಲಿಯವರೇ. ಅವರ ಹಿತ್ತಿಲಲ್ಲಿ ವರ್ಷಗಳಿಂದ ಮಾರ್ಟಿನ್‌ಗಳಿವೆ. ಅವರನ್ನು ಕರೆದುಕೊಂಡು ಬಂದು ನಮ್ಮ ಜಾಗ ತೋರಿಸಿದೆ. ಅವರು ಹುಲ್ಲನ್ನಾಗಲಿ ಗಿಡಗಳನ್ನಾಗಲಿ ನೋಡಲೇ ಇಲ್ಲ. ಹಿತ್ತಿಲ ಮಧ್ಯೆ ನಿಂತು ತಲೆಯೆತ್ತಿ ಒಂದು ಸುತ್ತು ತಿರುಗಿದರು ಅಷ್ಟೇ. ಮಾರ್ಟಿನ್‌ಗೆ ಬೇಕಾಗಿರುವುದು ಬಯಲು. ಗೂಡಿನ ಕಂಬದಿಂದ ಕನಿಷ್ಠ 40 ಅಡಿ, ಸಾಧ್ಯವಾದರೆ 60 ಅಡಿವರೆಗೆ ಎತ್ತರದ ಮರ ಇರಬಾರದು, ಯಾಕೆಂದರೆ ಗಿಡುಗ ಮರದಲ್ಲಿ ಅಡಗಿ ಕೂತು ನೇರ ಗೂಡಿಗೇ ಹಾರುತ್ತದೆ. ಆದರೆ ಮನುಷ್ಯರ ಮನೆಯಿಂದ ತೀರಾ ದೂರವೂ ಇರಬಾರದು: 30 ಅಡಿಯಿಂದ 120 ಅಡಿ ಒಳಗೆ. ಜನ ಓಡಾಡುವ ಕಡೆ ತಮಗೆ ಅಪಾಯ ಕಡಿಮೆ ಅಂತ ಈ ಹಕ್ಕಿಗಳಿಗೆ ಗೊತ್ತು. ಹೊಸ ಬಡಾವಣೆಯಲ್ಲಿ ನೆಟ್ಟ ಗಿಡಗಳು ಇನ್ನೂ ನನ್ನ ಎತ್ತರವೂ ಬಂದಿರಲಿಲ್ಲ, ಬೇಲಿಯ ಆಚೆ ಮಳೆನೀರು ನಿಲ್ಲುವ ಕೊಳ ಬೇರೆ ಇದೆ. ನೆರಳಿಲ್ಲ ಅಂತ ನಾವು ಬೇಜಾರು ಮಾಡಿಕೊಳ್ಳುತ್ತಿದ್ದ ಹಿತ್ತಿಲು ಮಾರ್ಟಿನ್‌ಗೆ ಹೇಳಿ ಮಾಡಿಸಿದ್ದು.

ಕಂಬ ನಿಲ್ಲಿಸುವುದಕ್ಕೆ ಮೊದಲು ಎರಡು ಕೆಲಸ ಇವೆ. ಒಂದು, ಮನೆ ಮಾಲೀಕರ ಸಂಘದ ಒಪ್ಪಿಗೆ. ಹದಿನೈದು ಅಡಿ ಎತ್ತರದ ಕಂಬ ಅಂದ ತಕ್ಷಣ ಅವರು ಧ್ವಜಕಂಬದ ನಿಯಮ ತೆಗೆದರು, ನಕ್ಷೆ ಕೇಳಿದರು, ಬಣ್ಣ ಕೇಳಿದರು. ಹಕ್ಕಿಗೆ ಅಂತ ಹೇಳಿ ಚಿತ್ರ ಸಮೇತ ಅರ್ಜಿ ಕೊಟ್ಟೆ, ಬಹಳ ಓಡಾಡಿಸಿ ಕೊನೆಗೆ ಒಪ್ಪಿದರು. ಇನ್ನೊಂದು, ನೆಲ ಅಗೆಯುವ ಮುಂಚೆ 811ಕ್ಕೆ ಫೋನ್ ಮಾಡುವುದು. ನೆಲದಡಿಯ ಪೈಪು, ಕೇಬಲ್ಲು ಎಲ್ಲಿವೆ ಅಂತ ಗುರುತು ಮಾಡಿಸೋಕೆ ದೇಶವಿಡೀ ಇರುವ ನಂಬರ್ ಇದು, ದುಡ್ಡಿಲ್ಲ. ಬಂದು ನೆಲದ ಮೇಲೆ ಪುಟ್ಟ ಪುಟ್ಟ ಬಾವುಟ ನೆಟ್ಟು ಬಣ್ಣದ ಗೆರೆ ಎಳೆದು ಹೋಗುತ್ತಾರೆ. ಹಳದಿ ಗ್ಯಾಸು, ಕೆಂಪು ಕರೆಂಟು, ನೀಲಿ ನೀರು, ಕಿತ್ತಳೆ ಇಂಟರ್ನೆಟ್ ಕೇಬಲ್ಲು. ನಾವು ಅಂದುಕೊಂಡಿದ್ದ ಜಾಗದ ಪಕ್ಕದಲ್ಲೇ ಒಂದು ಹಳದಿ ಗೆರೆ ಬಂತು. ಕಂಬವನ್ನು ಬೇಲಿ ಕಡೆಗೆ ಸರಿಸಿ, ಗುಂಡಿಗೆ ಕಾಂಕ್ರೀಟ್ ತುಂಬಿ ನಿಲ್ಲಿಸಿದೆವು.

ಕಂಬ ತಗೊಳ್ಳುವಾಗ ಕೈಯಲ್ಲಿ ತಿರುಗಿಸುವ ವಿಂಚ್ ಇರುವುದನ್ನೇ ತಗೊಳ್ಳಿ. ಸೋರೆಬುರುಡೆಗಳನ್ನು ತೂಗುಹಾಕಿದ ಇಡೀ ರ‍್ಯಾಕ್ ಮೇಲೆ ಕೆಳಗೆ ಬರಬೇಕು. ಏಣಿ ಹತ್ತಿ ಗೂಡು ನೋಡಬೇಕಾದ ಕಂಬವನ್ನು ಯಾರೂ ಹೆಚ್ಚು ದಿನ ನೋಡುವುದಿಲ್ಲ, ನೋಡಿಕೊಳ್ಳದ ಗೂಡು ಇಡುವುದಕ್ಕಿಂತ ಇಡದೇ ಇರುವುದು ವಾಸಿ. ಈ ಮಾತನ್ನು ಇನ್ನೂ ಮುಂದೆ ಹೇಳುತ್ತೇನೆ.

ಬುರುಡೆಗಳು ಈಗ ಪ್ಲಾಸ್ಟಿಕ್‌ನಲ್ಲಿ ಬರುತ್ತವೆ, ಬಿಳಿ ಬಣ್ಣ. ಟೆಕ್ಸಾಸ್ ಬಿಸಿಲಿಗೆ ಬಿಳಿಯೇ ಬೇಕು, ಇಲ್ಲದಿದ್ದರೆ ಮರಿ ಬೆಂದುಹೋಗುತ್ತವೆ. ಪಕ್ಕದಲ್ಲಿ ತಿರುಗಿಸಿ ತೆಗೆಯುವ ಮುಚ್ಚಳ ಇರುತ್ತದೆ, ಒಳಗೆ ಕೈ ಹಾಕೋಕೆ ಸುಲಭ. ಆದರೂ ಒಂದಾದರೂ ನಿಜವಾದ ಸೋರೆಬುರುಡೆ ಇರಲಿ ಅಂತ ಬೇಲಿಗೆ ಹಬ್ಬಿಸಿದ ಬಳ್ಳಿಯಲ್ಲಿ ದುಂಡನೆಯದೊಂದು ಕಾಯಿ ಬಿಟ್ಟೆ. ತೊಟ್ಟು ಕಂದು ಬಣ್ಣಕ್ಕೆ ತಿರುಗಿ ಒಣಗುವವರೆಗೆ ಕೀಳಬಾರದು. ಆಮೇಲೆ ಗ್ಯಾರೇಜಿನಲ್ಲಿ ಚಳಿಗಾಲ ಪೂರ್ತಿ ಒಣಗಬೇಕು. ಮೇಲೆಲ್ಲ ಕಪ್ಪು ಬೂಷ್ಟು ಹಿಡಿಯುತ್ತದೆ, ಹಾಳಾಯಿತು ಅಂತ ಎಸೆಯಬೇಡಿ, ಅದು ಒಣಗುವ ರೀತಿಯೇ ಹಾಗೆ. ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು, ಆಗ ಆಯಿತು ಅಂತ ಲೆಕ್ಕ. ಬೂಷ್ಟು ಕೆರೆದು ತೊಳೆದು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಬಾಗಿಲು ಕೊರೆಯಬೇಕು, ಆ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ. ತಳದಲ್ಲಿ ನೀರು ಬಸಿಯೋಕೆ ನಾಲ್ಕಾರು ಸಣ್ಣ ತೂತು, ಕತ್ತಿನ ಹತ್ತಿರ ಗಾಳಿಗೆ ಎರಡು, ಹೊರಗೆ ಬಿಳಿ ಪೇಂಟು. ಒಳಗಿನ ಬೀಜ, ಒಣ ತಿರುಳು ಎಲ್ಲ ಬಾಗಿದ ಕಂಬಿಯಲ್ಲಿ ಕೆರೆದು ತೆಗೆಯುವಾಗ ಬಂದ ಆ ಒಗರು ವಾಸನೆ ನನಗೆ ಇನ್ನೂ ಇಷ್ಟ.

ಬಾಗಿಲ ಆಕಾರ ಬಹಳ ಮುಖ್ಯ. ದುಂಡು ತೂತಿನ ಬದಲು ಅರ್ಧಚಂದ್ರಾಕಾರದ ಬಾಗಿಲು ಇರುವುದನ್ನು ಆರಿಸಿಕೊಂಡೆ. ಮೂರು ಇಂಚು ಅಗಲ, ಎತ್ತರ ಒಂದೂ ಕಾಲು ಇಂಚಿಗಿಂತ ಸ್ವಲ್ಪ ಕಡಿಮೆ. ಇದರಲ್ಲಿ ಮಾರ್ಟಿನ್ ಮೈ ತಗ್ಗಿಸಿ ನುಗ್ಗುತ್ತದೆ, ಸ್ಟಾರ್ಲಿಂಗ್‌ಗೆ ಆಗುವುದಿಲ್ಲ. ಸ್ಟಾರ್ಲಿಂಗ್ ಅಂದರೆ ನಮ್ಮ ಗೊರವಂಕದ ಕುಟುಂಬದ್ದೇ. 1890ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಸುಮಾರು 60 ಹಕ್ಕಿಗಳನ್ನು ಯುರೋಪಿನಿಂದ ತಂದು ಬಿಟ್ಟರು, ಈಗ ದೇಶವೆಲ್ಲ ಅವೇ. ಮಾರ್ಟಿನ್ ಗೂಡಿಗೆ ನುಗ್ಗಿ ಮೊಟ್ಟೆ, ಮರಿ ಎಲ್ಲ ಕೊಂದು ಜಾಗ ಹಿಡಿಯುತ್ತವೆ.

ಸ್ಟಾರ್ಲಿಂಗ್ ಅನ್ನು ಬಾಗಿಲಲ್ಲೇ ತಡೆಯಬಹುದು. ಗುಬ್ಬಿಯನ್ನು ಆಗುವುದಿಲ್ಲ. ಮಾರ್ಟಿನ್ ಹೋಗುವ ಎಲ್ಲ ಬಾಗಿಲಲ್ಲೂ ಗುಬ್ಬಿ ಹೋಗುತ್ತದೆ.

ಗುಬ್ಬಿಯ ಕಥೆಗೆ ಮುಂಚೆ ಕಾಲದ ವಿಷಯ ಹೇಳಿಬಿಡುತ್ತೇನೆ, ಹೊಸಬರು ಸೋಲುವುದು ಇಲ್ಲೇ. ಟೆಕ್ಸಾಸ್‌ಗೆ ಮೊದಲ ಮಾರ್ಟಿನ್‌ಗಳು ಜನವರಿ ಕೊನೆ, ಫೆಬ್ರವರಿ ಹೊತ್ತಿಗೆ ಬರುತ್ತವೆ. ಇವನ್ನು ಜಾಗ ನೋಡಿಕೊಂಡು ಹೋಗೋಕೆ ಬಂದ ದೂತರು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಇವು ವಯಸ್ಸಾದ ಹಕ್ಕಿಗಳು, ಹೋದ ವರ್ಷ ಎಲ್ಲಿದ್ದವೋ ಅದೇ ಕಂಬಕ್ಕೆ ವಾಪಸ್ ಬಂದಿರುತ್ತವೆ. ಹೊಸ ಕಂಬದ ಕಡೆ ತಿರುಗಿಯೂ ನೋಡುವುದು ಅಪರೂಪ. ಹೊಸ ಜಾಗಕ್ಕೆ ಬರುವುದು ಹಿಂದಿನ ಬೇಸಿಗೆಯಲ್ಲಿ ಹುಟ್ಟಿದ ಒಂದು ವರ್ಷದ ಹಕ್ಕಿಗಳು. ಅವು ಒಂದರಿಂದ ಮೂರು ತಿಂಗಳು ತಡವಾಗಿ ಬರುತ್ತವೆ. ಊರಲ್ಲಿ ಹಳೇ ಮನೆಗಳೆಲ್ಲ ದೊಡ್ಡವರ ಪಾಲಾದ ಮೇಲೆ ಹೊಸದಾಗಿ ಮದುವೆಯಾದವರು ಬಾಡಿಗೆ ಮನೆ ಹುಡುಕಿಕೊಂಡು ಅಲೆಯುತ್ತಾರಲ್ಲ, ಹಾಗೆ. ಅದಕ್ಕೇ ಫೆಬ್ರವರಿಯಲ್ಲಿ ಗೂಡು ತೆರೆದಿಟ್ಟು, ಮಾರ್ಚ್‌ನಲ್ಲಿ ಯಾರೂ ಬರಲಿಲ್ಲ ಅಂತ ಕೈಬಿಟ್ಟರೆ ಎರಡು ನಷ್ಟ: ಗುಬ್ಬಿ ಒಳಗೆ ಸೇರಿರುತ್ತದೆ, ಮಾರ್ಟಿನ್ ಬರುವ ಹೊತ್ತಿಗೆ ನೀವು ಕಂಬ ಮರೆತಿರುತ್ತೀರಿ.

ಮೊದಲ ವರ್ಷ ನಮ್ಮಲ್ಲಿ ಯಾರೂ ಉಳಿಯಲಿಲ್ಲ. ಬಂದು ಸುತ್ತಿ, ಕಂಬದ ಮೇಲೆ ಕೂತು ಹೋದವು ಅಷ್ಟೇ. ಇದು ಎಲ್ಲರಿಗೂ ಆಗುವುದು ಅಂತ ಮೇಷ್ಟ್ರು ಮುಂಚೆಯೇ ಹೇಳಿದ್ದರು. ಹಾಗೆ ಸುತ್ತಿ ಹೋದ ಮರಿಹಕ್ಕಿಗಳೇ ಮುಂದಿನ ವರ್ಷ ಜಾಗ ನೆನಪಿಟ್ಟುಕೊಂಡು ಬರಬಹುದು ಅಂತಲೂ ಹೇಳಿದ್ದರು. ಎರಡನೇ ವರ್ಷ ಮಾರ್ಚ್ ತಿಂಗಳಿಂದ ಬೆಳಗಿನ ಹಾಡು ಹಾಕೋಕೆ ಶುರು ಮಾಡಿದೆ. ಬಲಿತ ಗಂಡು ಮಾರ್ಟಿನ್‌ಗಳು ನಸುಕಿನಲ್ಲಿ, ಇನ್ನೂ ಕತ್ತಲಿರುವಾಗಲೇ, ಆಕಾಶದಲ್ಲಿ ತುಂಬ ಎತ್ತರಕ್ಕೆ ಹೋಗಿ ಒಂದೇ ಸಮ ಹಾಡುತ್ತವೆ. ದಾರಿಹೋಕ ಹಕ್ಕಿಗಳಿಗೆ ಅದು ಇಲ್ಲಿ ಜಾಗ ಇದೆ ಅನ್ನುವ ಸುದ್ದಿ. ಆ ಹಾಡಿನ ರೆಕಾರ್ಡಿಂಗ್ ಸಿಗುತ್ತದೆ. ಟೈಮರ್ ಇಟ್ಟು, ಸಣ್ಣ ಸ್ಪೀಕರನ್ನು ಮೇಲ್ಮುಖವಾಗಿ ಇಟ್ಟು, ಪಕ್ಕದ ಮನೆಯವರಿಗೆ ಮೊದಲೇ ಹೇಳಿ, ಅವರ ನಿದ್ದೆ ಕೆಡದಷ್ಟು ಸಣ್ಣ ದನಿಯಲ್ಲಿ ಹಾಕಿದೆ. ಪ್ರತಿ ಬುರುಡೆ ಒಳಗೆ ಒಂದು ಹಿಡಿ ಒಣಗಿದ ಪೈನ್ ಎಲೆ ಹರಡಿದ್ದೆ.

ಆ ವಸಂತದಲ್ಲೇ ಅಮ್ಮ ಹಾಸನದಿಂದ ಬಂದಿದ್ದರು. ಗುಬ್ಬಿಗಳೂ ಅದೇ ಹೊತ್ತಿಗೆ ಬಂದವು.

ನಮಗೆ ಗುಬ್ಬಿ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಾಗಕ್ಕ ಗುಬ್ಬಕ್ಕನ ಕಥೆ ಕೇಳಿಯೇ ಅನ್ನ ಉಂಡವರು ನಾವು. ನಮ್ಮಜ್ಜಿ ಮನೆಯಲ್ಲಿ ದೇವರ ಪಟದ ಹಿಂದೆ ಗುಬ್ಬಿ ಗೂಡು ಕಟ್ಟಿದರೆ ಆ ಪಟವನ್ನು ಒರೆಸುತ್ತಲೂ ಇರಲಿಲ್ಲ. ಬೆಂಗಳೂರಲ್ಲಿ ಗುಬ್ಬಿ ಕಾಣುವುದೇ ಕಡಿಮೆಯಾಯಿತು ಅಂತ ಜನ ಬಾಲ್ಕನಿಯಲ್ಲಿ ಪೆಟ್ಟಿಗೆ ಇಡುತ್ತಾರೆ, ಮಾರ್ಚ್ 20ಕ್ಕೆ ಗುಬ್ಬಿ ದಿನ ಅಂತ ಮಾಡುತ್ತಾರೆ. ಇಲ್ಲಿರುವುದೂ ಅದೇ ಗುಬ್ಬಿ, ಬೇರೆ ಜಾತಿ ಏನಲ್ಲ. 1850ರ ದಶಕದ ಶುರುವಿನಲ್ಲಿ ಬ್ರೂಕ್ಲಿನ್‌ನಲ್ಲಿ ಇಂಗ್ಲೆಂಡಿನಿಂದ ತಂದು ಬಿಟ್ಟವುಗಳ ಸಂತಾನ. ಆದರೆ ಇಲ್ಲಿ ಅದು ಮಾರ್ಟಿನ್ ಮೊಟ್ಟೆಗಳನ್ನು ಕುಕ್ಕಿ ಒಡೆಯುತ್ತದೆ, ಮರಿಗಳನ್ನು ಕೊಲ್ಲುತ್ತದೆ, ಒಂದು ಬುರುಡೆ ಹಿಡಿದರೆ ಅಕ್ಕಪಕ್ಕದವಕ್ಕೂ ಹುಲ್ಲು ತುಂಬಿಸಿ ಯಾರೂ ಬರದ ಹಾಗೆ ಮಾಡುತ್ತದೆ.

ನಾನು ರ‍್ಯಾಕ್ ಇಳಿಸಿ ಗುಬ್ಬಿ ಗೂಡು ಕಿತ್ತು ಹಾಕುವುದನ್ನು ಅಮ್ಮ ಅಡುಗೆಮನೆ ಕಿಟಕಿಯಿಂದ ನೋಡಿ ಹೊರಗೆ ಬಂದರು. "ಅಯ್ಯೋ, ಗುಬ್ಬಿ ಗೂಡು ಕೀಳ್ತಾರೇನೇ! ಪಾಪ ಬರುತ್ತೆ ಕಣೇ" ಅಂದರು. ನಾನು ಒಳಗಿದ್ದುದನ್ನು ತೋರಿಸಿದೆ. ಗುಬ್ಬಿ ಗೂಡು ಗುರುತಿಸುವುದು ಸುಲಭ: ಒಣಹುಲ್ಲು, ಪುಕ್ಕ, ಪ್ಲಾಸ್ಟಿಕ್ ಚೂರು, ಟಿಶ್ಯೂ ಕಾಗದ, ಎಲ್ಲ ಸೇರಿಸಿ ಮೇಲೆ ಚಾವಣಿಯನ್ನೂ ಮಾಡಿರುತ್ತದೆ. ಮೊಟ್ಟೆಗೆ ಕಂದು ಚುಕ್ಕೆ ಇರುತ್ತವೆ, ಮಾರ್ಟಿನ್ ಮೊಟ್ಟೆ ಅಚ್ಚ ಬಿಳಿ. ಇಷ್ಟು ಗೊತ್ತಿಲ್ಲದೆ ಯಾರೂ ಗೂಡಿಗೆ ಕೈ ಹಾಕಬಾರದು. 1918ರ ವಲಸೆ ಹಕ್ಕಿ ಕಾಯಿದೆ ಪ್ರಕಾರ ಇಲ್ಲಿಯ ಮೂಲ ಹಕ್ಕಿಗಳ ಮೊಟ್ಟೆ, ಮರಿ ಇರುವ ಗೂಡು ಕಿತ್ತು ಹಾಳುಮಾಡುವುದು ಅಪರಾಧ. ಬ್ಲೂಬರ್ಡ್ ಬರಬಹುದು, ರೆನ್ ಬರಬಹುದು, ಅವೂ ಈ ಕಾಯಿದೆಯ ಕೆಳಗೆ ಬರುತ್ತವೆ. ಹೊರಗಿಂದ ಬಂದ ಗುಬ್ಬಿ, ಸ್ಟಾರ್ಲಿಂಗ್ ಎರಡಕ್ಕೂ ಆ ರಕ್ಷಣೆ ಇಲ್ಲ.

ಗೂಡು ಕಿತ್ತರೆ ಸಾಲುವುದಿಲ್ಲ. ಗಂಡು ಗುಬ್ಬಿ ಬಿಡುವುದೇ ಇಲ್ಲ, ಸಿಟ್ಟಿಗೆದ್ದು ಪಕ್ಕದ ಬುರುಡೆಗಳಿಗೆ ನುಗ್ಗುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಮೊದಲ ಮಾರ್ಟಿನ್ ಜೋಡಿ ಮೊಟ್ಟೆ ಇಟ್ಟ ಬುರುಡೆಯಲ್ಲೇ ಒಂದು ಬೆಳಿಗ್ಗೆ ಎರಡು ಮೊಟ್ಟೆಗೆ ತೂತು ಬಿದ್ದಿತ್ತು. ಸಾಸಿವೆ ಕಾಳಿನಷ್ಟು ತೂತು, ಸುತ್ತ ಹಳದಿ ಒಣಗಿತ್ತು. ಮೇಷ್ಟ್ರು ಒಂದು ಬೋನು ತಂದುಕೊಟ್ಟರು. ಗಂಡು ಗುಬ್ಬಿ ಅದರಲ್ಲಿ ಬಿತ್ತು. ಅವರೇ ಬಂದು ತೆಗೆದುಕೊಂಡು ಹೋದರು. ಏನು ಮಾಡುತ್ತಾರೆ ಅಂತ ನನಗೆ ಗೊತ್ತಿತ್ತು, ಗೊತ್ತಿದ್ದೇ ಕೊಟ್ಟೆ. ಇದನ್ನು ಮುಚ್ಚಿಟ್ಟು ಮಾರ್ಟಿನ್ ಬಂದ ಖುಷಿ ಮಾತ್ರ ಬರೆದರೆ ಸುಳ್ಳು ಹೇಳಿದಂತೆ. ಇದು ಆಗಲ್ಲ ಅನ್ನುವವರು ದಯವಿಟ್ಟು ಬುರುಡೆ ತೂಗುಹಾಕಬೇಡಿ. ಗುಬ್ಬಿಗೆ ಬಿಟ್ಟುಕೊಟ್ಟ ಕಂಬ ಮಾರ್ಟಿನ್‌ಗಳನ್ನು ಕರೆದು ಕೊಲ್ಲಿಸಿದ ಹಾಗೆ ಆಗುತ್ತದೆ. ಅಮ್ಮ ಒಡೆದ ಮೊಟ್ಟೆ ನೋಡಿದರು. ಆಮೇಲೆ ನನ್ನನ್ನು ಬೈಯಲಿಲ್ಲ, ಆದರೆ ಗುಬ್ಬಿ ಗೂಡು ತೆಗೆಯೋಕೆ ವಿಂಚ್ ತಿರುಗಿಸಿದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದರು.

ಆ ಮೊದಲ ಜೋಡಿಯ ಬಗ್ಗೆ ಹೇಳುತ್ತೇನೆ. ಗಂಡಿಗೆ ಇನ್ನೂ ಪೂರ್ತಿ ಬಣ್ಣ ಬಂದಿರಲಿಲ್ಲ. ಬೂದು ಎದೆ ಮೇಲೆ ಅಲ್ಲಲ್ಲಿ ಎರಡು ಮೂರು ನೇರಳೆ ಗರಿ, ಒಂದು ವರ್ಷದ್ದು ಅಂತ ಅದರಲ್ಲೇ ಗೊತ್ತಾಗುತ್ತದೆ. ಬುರುಡೆ ಬಾಗಿಲಲ್ಲಿ ತಲೆ ಹೊರಗೆ ಹಾಕಿ, ಗಂಟಲು ಉಬ್ಬಿಸಿ ಗುಳುಗುಳು ಅಂತ ಮಾತಾಡುತ್ತಿತ್ತು. ಹೆಣ್ಣು ಬಂದು ಆರಿಸಿಕೊಂಡದ್ದು ನನ್ನ ಸೋರೆಬುರುಡೆಯನ್ನಲ್ಲ, ಪ್ಲಾಸ್ಟಿಕ್ಕಿನದನ್ನು. ಬಾಗಿಲಿಗೆ ಅಡ್ಡವಾಗಿ ಒಳಗೆ ಮಣ್ಣಿನ ಸಣ್ಣ ಕಟ್ಟೆ ಕಟ್ಟಿತು. ನಾನು ಕೊಳದ ಅಂಚಿನಲ್ಲಿ ಒಂದು ಕಡೆ ನೀರು ಬಿಟ್ಟು ಕೆಸರು ಮಾಡಿಟ್ಟಿದ್ದೆ, ಅಲ್ಲಿಂದಲೇ ಒಯ್ದಿತು. ಮೊಟ್ಟೆ ಇಡುವ ಮುಂಚೆ ಹಸಿರೆಲೆ ತಂದು ಗೂಡಿಗೆ ಹಾಸಿದವು. ಆ ಎಲೆಗಳ ಮೇಲೆ ದಿನಕ್ಕೊಂದರಂತೆ ಮೊಟ್ಟೆ ಬಂದವು.

ಮೊಟ್ಟೆ ಇಡುವ ಕಾಲದಲ್ಲಿ ಹಕ್ಕಿಗೆ ಸುಣ್ಣದ ಅಂಶ ಬೇಕು. ನಮ್ಮ ಅಡುಗೆಮನೆಯ ಕೋಳಿಮೊಟ್ಟೆ ಚಿಪ್ಪುಗಳನ್ನು ತೊಳೆದು, ಓವನ್‌ನಲ್ಲಿ ಬಿಸಿ ಮಾಡಿ, ಪುಡಿ ಮಾಡಿ ಒಂದು ತಟ್ಟೆಯಲ್ಲಿಟ್ಟೆವು. ಅಮ್ಮ ಕುಟ್ಟಾಣಿಯಲ್ಲಿ ಕುಟ್ಟಿ ಕೊಡುತ್ತಿದ್ದರು, ತೀರಾ ನುಣ್ಣಗೆ ಆಗದ ಹಾಗೆ.

ಕಾವು ಸುಮಾರು 16 ದಿನ. ಮೊಟ್ಟೆಯೊಡೆದ ಮೇಲೆ ಮರಿ ಹಾರೋಕೆ ಸುಮಾರು 28 ದಿನ. ಅಷ್ಟೂ ಕಾಲ ವಾರಕ್ಕೊಮ್ಮೆ ರ‍್ಯಾಕ್ ಇಳಿಸಿ ನೋಡಬೇಕು. ಮುಟ್ಟಿದರೆ ತಾಯಿ ಬಿಟ್ಟುಹೋಗುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರೆ, ಮಾರ್ಟಿನ್ ಹಾಗೆ ಮಾಡುವುದಿಲ್ಲ. ತಲೆ ಮೇಲೆ ಹಾರಾಡಿ ಚೀರುತ್ತದೆ, ಕಂಬ ಮೇಲೇರಿದ ತಕ್ಷಣ ಒಳಗೆ ಹೋಗುತ್ತದೆ. ಆದರೆ ಮರಿಗಳು ಹಾರುವ ಹೊತ್ತು ಹತ್ತಿರ ಬಂದಾಗ ಇಳಿಸಬೇಡಿ, ಬೆದರಿ ಮುಂಚೆಯೇ ಹೊರಗೆ ಜಿಗಿಯುತ್ತವೆ. ಗೂಡು ಒದ್ದೆಯಾಗಿದ್ದರೆ, ಹುಳ ಹತ್ತಿದ್ದರೆ ಹಳೆಯದನ್ನು ತೆಗೆದು ಒಣಗಿದ ಪೈನ್ ಎಲೆ ಹಾಕುತ್ತೇನೆ.

ತಾಯಿ ತಂದೆ ಮರಿಗಳಿಗೆ ತರುವುದನ್ನು ಕೆಳಗೆ ನಿಂತು ನೋಡಬೇಕು. ಏರೋಪ್ಲೇನ್ ಚಿಟ್ಟೆಯ ನಾಲ್ಕು ರೆಕ್ಕೆ ಕೊಕ್ಕಿನ ಎರಡೂ ಕಡೆ ಚಾಚಿಕೊಂಡಿರುತ್ತವೆ, ಹಾಗೇ ಮರಿ ಬಾಯಿಗೆ ತುರುಕುತ್ತದೆ. ಜೀರುಂಡೆ, ಪತಂಗ, ನೊಣ, ರೆಕ್ಕೆ ಬಂದ ಇರುವೆ, ಎಲ್ಲ ಹಾರುತ್ತಲೇ ಹಿಡಿದದ್ದು. ನೀರನ್ನೂ ಹಾರುತ್ತಲೇ ಕೊಳದ ಮೇಲಿಂದ ಕುಡಿಯುತ್ತದೆ. ಸೊಳ್ಳೆ ಕಡಿಮೆಯಾಯಿತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ದಿನಕ್ಕೆ ಸಾವಿರಾರು ಸೊಳ್ಳೆ ತಿನ್ನುತ್ತದೆ ಅನ್ನುವುದು ಗೂಡು ಮಾರೋಕೆ ಹಬ್ಬಿಸಿದ ಮಾತು. ಸೊಳ್ಳೆ ಏಳುವುದು ಮುಸ್ಸಂಜೆಗೆ, ನೆಲದ ಹತ್ತಿರ. ಮಾರ್ಟಿನ್ ಬೇಟೆಯಾಡುವುದು ಹಗಲಲ್ಲಿ, ಬಹಳ ಮೇಲೆ. ಸೊಳ್ಳೆಗೋಸ್ಕರ ಮಾರ್ಟಿನ್ ಬೇಕು ಅನ್ನುವವರಿಗೆ ಇದು ಬೇಡ.

ಹಾರುವ ಹುಳವೇ ಊಟವಾದ್ದರಿಂದ ಚಳಿ ಬಿದ್ದರೆ ಇವಕ್ಕೆ ಊಟವಿಲ್ಲ. ಮೂರು ನಾಲ್ಕು ದಿನ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿದ್ದರೆ ಸಾಯೋಕೆ ಶುರುವಾಗುತ್ತವೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಹಿಮ ಸುರಿದು ಕರೆಂಟು, ನೀರು ಎರಡೂ ಇಲ್ಲದೆ ಕೂತದ್ದು ಇಲ್ಲಿರುವವರಿಗೆ ನೆನಪಿದೆ ಅಲ್ವಾ? ಮುಂಚೆ ಬಂದಿದ್ದ ಮಾರ್ಟಿನ್‌ಗಳು ಆಗ ತುಂಬ ಸತ್ತವು. ಅಂಥ ದಿನಗಳಲ್ಲಿ ಸಾಕುಪ್ರಾಣಿ ಅಂಗಡಿಯ ಮಿಡತೆಗಳನ್ನು ಪ್ಲಾಸ್ಟಿಕ್ ಚಮಚದಲ್ಲಿ ಗಾಳಿಗೆ ಚಿಮ್ಮಿಸಬೇಕು, ಕೆಲವು ಹಕ್ಕಿ ಹಾರಿ ಹಿಡಿಯೋಕೆ ಕಲಿಯುತ್ತವೆ. ಬೇಯಿಸಿದ ಮೊಟ್ಟೆಯನ್ನು ಪುಡಿ ಮಾಡಿ ತಟ್ಟೆಯಲ್ಲಿಟ್ಟರೆ ಅದನ್ನೂ ತಿನ್ನುತ್ತವೆ. ಮೊನ್ನೆ ಮಾರ್ಚ್‌ನ ಚಳಿಮಳೆಯಲ್ಲಿ ನಾನು ಚಿಮ್ಮಿಸಿದ ಮಿಡತೆಯನ್ನು ಒಂದು ಹೆಣ್ಣು ಗಾಳಿಯಲ್ಲೇ ತಿರುಗಿ ಹಿಡಿದಾಗ ನನ್ನ ಕಣ್ಣಲ್ಲಿ ನೀರು ಬಂತು.

ಹಾವಿನ ಬಗ್ಗೆ ಒಂದು ಮಾತು. ಇಲ್ಲಿಯ ರ‍್ಯಾಟ್ ಸ್ನೇಕ್‌ಗೆ ನುಣುಪಾದ ಲೋಹದ ಕಂಬವೂ ಲೆಕ್ಕವಿಲ್ಲ, ಹತ್ತಿ ಒಂದೇ ರಾತ್ರಿಯಲ್ಲಿ ಇಡೀ ಕಂಬ ಖಾಲಿ ಮಾಡುತ್ತದೆ. ರಕೂನ್ ಕೂಡ ಹತ್ತುತ್ತದೆ. ಕಂಬದ ಸುತ್ತ ಅಗಲವಾದ ತಗಡಿನ ಕೊಳವೆ ಅಡ್ಡ ಹಾಕದೆ ಹಕ್ಕಿ ಕರೆಯಲೇಬೇಡಿ.

ಜೂನ್‌ನಲ್ಲಿ ಮರಿಗಳು ಹಾರಿದವು. ಮೊದಲ ಕೆಲವು ದಿನ ಸಂಜೆ ಮತ್ತೆ ಬುರುಡೆಗೆ ಬಂದು ಮಲಗುತ್ತಿದ್ದವು, ಆಮೇಲೆ ಬರಲಿಲ್ಲ. ಎಲ್ಲಿ ಹೋಗುತ್ತವೆ ಅಂತ ನೋಡಬೇಕಾದರೆ ಜುಲೈ ಸಂಜೆ ಆಸ್ಟಿನ್ ಕಡೆ ಹೋಗಬೇಕು. ಬ್ರೆಜಿಲ್‌ಗೆ ಹೊರಡುವ ಮುಂಚೆ ಸುತ್ತಲ ಊರಿನ ಮಾರ್ಟಿನ್‌ಗಳೆಲ್ಲ ಒಂದೇ ಕಡೆ ರಾತ್ರಿ ಕಳೆಯುತ್ತವೆ, ಲಕ್ಷಗಳ ಲೆಕ್ಕದಲ್ಲಿ. ವರ್ಷಗಟ್ಟಲೆ ಹೈಲ್ಯಾಂಡ್ ಮಾಲ್ ಸುತ್ತಲ ಪಾರ್ಕಿಂಗ್ ಜಾಗದ ಮರಗಳಲ್ಲಿ ಸೇರುತ್ತಿದ್ದವು. ಜಾಗ ಆಗಾಗ ಬದಲಾಗುತ್ತದೆ, ಇಲ್ಲಿಯ ಹಕ್ಕಿಪ್ರಿಯರ ಸಂಘದವರನ್ನು ಕೇಳಿದರೆ ಹೇಳುತ್ತಾರೆ. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಜನ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು, ಮಕ್ಕಳೆಲ್ಲ ಛತ್ರಿ ಹಿಡಿದಿದ್ದರು, ಮೇಲಿಂದ ಹಿಕ್ಕೆ ಬೀಳುತ್ತಿತ್ತು. ಸೂರ್ಯ ಮುಳುಗುತ್ತಿದ್ದ ಹಾಗೆ ಹಕ್ಕಿಗಳು ಸುತ್ತುತ್ತ ಸುತ್ತುತ್ತ ಇಳಿದವು, ಕೊಂಬೆಗಳು ಭಾರಕ್ಕೆ ಬಾಗಿದವು, ಆ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಬೆಳಗಿನ ಜಾವ ಇವು ಒಟ್ಟಿಗೆ ಎದ್ದಾಗ ಹವಾಮಾನದ ರಾಡಾರ್‌ನಲ್ಲಿ ಉಂಗುರದಂತೆ ಕಾಣುತ್ತವೆ. ಅಮ್ಮನಿಗೆ ಫೋನಿನಲ್ಲಿ ಅದನ್ನೂ ತೋರಿಸಿದೆ.

ಈ ವರ್ಷ ಜೋಡಿಗಳು ಜಾಸ್ತಿಯಾಗಿವೆ. ಆ ಬೂದು ಎದೆಯ ಗಂಡು ಪೂರ್ತಿ ನೇರಳೆಯಾಗಿ ಫೆಬ್ರವರಿಯಲ್ಲೇ ಬಂದಿತು ಅಂತ ನನ್ನ ನಂಬಿಕೆ, ಅದೇ ಬುರುಡೆಗೆ ನೇರ ಹೋಯಿತು. ಸೋರೆಬುರುಡೆಯಲ್ಲೂ ಈಗ ಸಂಸಾರ ಇದೆ.

ಮುಂದಿನ ವರ್ಷಕ್ಕೆ ಮಾಡಬೇಕು ಅನ್ನುವವರು ಈಗಲೇ ಶುರು ಮಾಡಿ. ಸಂಘದ ಒಪ್ಪಿಗೆಗೆ ಅರ್ಜಿ ಹಾಕಿ, ಅದೇ ಎಲ್ಲಕ್ಕಿಂತ ನಿಧಾನ. ನವೆಂಬರ್ ಒಳಗೆ ಕಂಬ ನಿಲ್ಲಲಿ. ಬುರುಡೆ ಬಾಗಿಲುಗಳಿಗೆ ಬಿರಡೆ ಹಾಕಿಯೇ ಇಡಿ, ಸುತ್ತಮುತ್ತ ಹಳೇ ಹಕ್ಕಿಗಳು ಬಂದು ಒಂದು ತಿಂಗಳಾದ ಮೇಲೆ ತೆಗೆದರೆ ಸಾಕು. ಪೈನ್ ಎಲೆ ನನ್ನ ಹತ್ತಿರ ಮೂಟೆಗಟ್ಟಲೆ ಇದೆ, ಬೋನೂ ಇದೆ. ಬಂದು ತಗೊಂಡು ಹೋಗಿ, ಹಾಗೇ ಒಂದು ಸಲ ರ‍್ಯಾಕ್ ಇಳಿಸಿ ಗೂಡು ನೋಡುವುದು ಹೇಗೆ ಅಂತ ಕೈಯಾರೆ ಮಾಡಿ ಕಲಿತುಕೊಳ್ಳಿ.